ಕಲ್ಲಿನ ದೀಪ, ಕಾಣದ ಧೂಳು



ಕಳೆದ ವಾರ ಕನ್ನಡ ಕಾರ್ಯಕ್ರಮದಲ್ಲಿ ನಾನು ಆಡಿದ ಮಾತುಗಳನ್ನು ಕೇಳಲಾಗದವರಿಗಾಗಿ ಇಲ್ಲಿ ಬರೆದುಕೊಡುತ್ತಿದ್ದೇನೆ. ವಿಷಯ ಕಲ್ಲಿನ ಲ್ಯಾಂಪ್ ಶೇಡ್. ಕಲ್ಲಿಗೂ ದೀಪಕ್ಕೂ ಎತ್ತಣ ಸಂಬಂಧ ಎನ್ನುತ್ತೀರಾ? ನನಗೂ ಮೊದಲು ಹಾಗೇ ಅನಿಸಿತ್ತು.

ನಮ್ಮಲ್ಲಿ ಅನೇಕರು ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು, ನಾಂಪಲ್ಲಿಯಲ್ಲೋ ಕಾಚಿಗುಡದಲ್ಲೋ ರೈಲಿಳಿದು, ಈ ಊರನ್ನೇ ತಮ್ಮದಾಗಿಸಿಕೊಂಡವರು. ನಮಗೆಲ್ಲ ಶಹಾಬಾದ್ ಕಲ್ಲು ಎಂದರೆ ಮನೆಯ ಫರಸಿ. ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿ ಬೆಳೆದವರು ನಾವು. ಸೇಡಂ ಕಡೆಯ ನಮ್ಮ ತವರುಮನೆ ರಿಪೇರಿಯಾದಾಗ ಅಡುಗೆಮನೆಯ ಒಂದು ಹಳೆಯ ಫರಸಿಯನ್ನು ಹೈದರಾಬಾದಿಗೆ ಹೊತ್ತು ತಂದೆ. ಅದರಲ್ಲೊಂದು ದೀಪ ಮಾಡಿಸಬೇಕೆಂಬ ಆಸೆ.

ಊರಾಚೆ ಕಲ್ಲು ಕೊಯ್ದು ಪಾಲಿಶ್ ಮಾಡುವ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯ ಕೆಲಸಗಾರರು ನಮ್ಮ ಚಿತ್ತಾಪುರದ ಕಡೆಯವರೇ. ಕಾಕಾ ಎಂದು ಕರೆದೆ. ಅವರು ಮೊಬೈಲಿನ ಟಾರ್ಚನ್ನು ನನ್ನ ಕಲ್ಲಿನ ಹಿಂದೆ ಹಿಡಿದರು. ಕತ್ತಲೆಯೋ ಕತ್ತಲೆ. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಒಂದು ಓನಿಕ್ಸ್ ಚೂರಿನ ಹಿಂದೆ ಹಿಡಿದರು. ಚೂರು ಜೇನಿನ ಬಣ್ಣದಲ್ಲಿ ಬೆಳಗಿತು.

"ಅಕ್ಕಾರೆ, ನಿಮ್ಮದು ನೆಲದ ಕಲ್ಲು ಅದ. ಎಷ್ಟು ತೆಳ್ಳಗ ಮಾಡಿದ್ರೂ ಬೆಳಕು ಹಾಯಂಗಿಲ್ರಿ" ಎಂದರು.

ಕಲ್ಲಿನಿಂದ ಬೆಳಕು ಬರಿಸಲು ಎರಡೇ ದಾರಿ, ಕೇಳುಗರೇ. ಒಂದು, ಬೆಳಕು ಹಾಯುವ ಕಲ್ಲನ್ನು ಆರಿಸಿ ತೆಳುವಾಗಿ ಕೊಯ್ಯುವುದು. ಓನಿಕ್ಸ್, ಬಿಳಿ ಅಮೃತಶಿಲೆ, ಈ ಊರಿನಲ್ಲಿ ಅಕೀಕ್ ಎಂದು ಕರೆಯುವ ಅಗೇಟ್ ಈ ಜಾತಿಯವು. ಐದಾರು ಮಿಲಿಮೀಟರಿಗೆ ಕೊಯ್ದು, ಕಾಗದದ ಅಚ್ಚಿಟ್ಟು ಕತ್ತರಿಸಿ, ಮೊದಲು ಒರಟು ಸಾಣೆ, ನಂತರ ನಯವಾದದ್ದು, ಅದಕ್ಕಿಂತ ನಯವಾದದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಉಜ್ಜುತ್ತಾರೆ. ಒಂದು ಮೆಟ್ಟಿಲು ಬಿಟ್ಟರೂ ಹಿಂದಿನ ಗೀರು ಉಳಿದುಬಿಡುತ್ತದೆ. ಹಗಲಿನಲ್ಲಿ ಕಾಣದ ಆ ಗೀರನ್ನು ರಾತ್ರಿ ದೀಪ ಹಚ್ಚಿದಾಗ ಬೆಳಕೇ ತೋರಿಸಿಕೊಡುತ್ತದೆ. ಕೊನೆಗೆ ಚೂರುಗಳನ್ನು ಹಿತ್ತಾಳೆಯ ಚೌಕಟ್ಟಿಗೆ ಕೂಡಿಸುತ್ತಾರೆ.

ಎರಡನೆಯ ದಾರಿ, ಬೆಳಕು ಹಾಯದ ಕಲ್ಲಿಗೆ ಕಿಂಡಿ ಕೊರೆಯುವುದು. ಇದಕ್ಕೆ ನಾವು ದೂರ ಹೋಗಬೇಕಿಲ್ಲ. ಸಂತೋಷನಗರದ ಹತ್ತಿರದ ಪೈಗಾ ಗೋರಿಗಳಿಗೆ ಒಮ್ಮೆ ಬಿಸಿಲೇರಿದ ಮೇಲೆ ಹೋಗಿ ನೋಡಿ. ಜಾಲಂಧ್ರಗಳಿಂದ ಇಳಿದ ಬಿಸಿಲು ನೆಲದ ಮೇಲೆ ರಂಗೋಲಿ ಬಿಟ್ಟಿರುತ್ತದೆ. ವಿಜಯಪುರದ ಇಬ್ರಾಹಿಂ ರೋಜಾ, 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಗೋರಿ. ಅಲ್ಲಿನ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನ ಜಾಲಿಯಾಗಿ ಕೊರೆದಿದ್ದಾರೆ. ಅಕ್ಷರದ ನಡುವಿನ ಸಂದಿನಿಂದ ಬೆಳಕು ಒಳಗೆ ಬರುತ್ತದೆ.

ನಾನೂ ಎರಡನೆಯ ದಾರಿಯನ್ನೇ ಹಿಡಿದೆ. ಅಮ್ಮ ಬಾಗಿಲ ಮುಂದೆ ಇಡುತ್ತಿದ್ದ ಚುಕ್ಕಿಯಂತೆ ಏಳು ಸಾಲು, ಸಾಲಿಗೆ ಏಳು, ಒಟ್ಟು 49 ತೂತು. ಕಾಕಾ ಬೆಲೆ ಹೇಳಿದರು. ನಾನು, ಎಲ್ಲರಂತೆ, ಚೌಕಾಸಿಗೆ ನಿಂತೆ.

"ಕಡಿಮಿ ಬೇಕಂದ್ರ ಒಣಾ ಕೊರೀತೀನ್ರಿ. ನೀರು ಬಿಡೋದಿಲ್ಲ, ರಾಡಿ ಬಳಿಯೋದಿಲ್ಲ, ಸಂಜಿಗೇ ಒಯ್ಯಬಹುದು" ಎಂದರು.

ನಾನು ಹೂಂ ಎಂದೇಬಿಟ್ಟೆ. ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಗೋಡೆ ಹಿಡಿದುಕೊಂಡು ಎರಡು ನಿಮಿಷ ಕೆಮ್ಮಿದರು. ಇಪ್ಪತ್ತು ವರ್ಷ ಮುಖಕ್ಕೆ ಬರೀ ಟವಲು ಕಟ್ಟಿಕೊಂಡು ಒಣಗಲ್ಲು ಕೊಯ್ದವರಂತೆ. ಸುಧಾರಿಸಿಕೊಂಡು ಹೇಳಿದರು: "ಧೂಳಿಗಿ ನೀರು ಕುಡಸಬೇಕ್ರಿ ಅಕ್ಕಾರೆ. ಇಲ್ಲಾಂದ್ರ ಧೂಳು ನಾವು ಕುಡೀಬೇಕಾಗ್ತದ."

ನನಗೆ ನಾಚಿಕೆಯಾಯಿತು. ನಾನು ಉಳಿಸಲು ಹೊರಟಿದ್ದು ಅವರ ಉಸಿರಿನ ಬಾಬ್ತಿನ ದುಡ್ಡು.

ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಸುಣ್ಣದ ಕಲ್ಲಿನಲ್ಲಿ ಕಡಿಮೆ, ಗ್ರಾನೈಟಿನಲ್ಲಿ ಹೆಚ್ಚು, ಅಕೀಕಂತೂ ಬಹುಪಾಲು ಸಿಲಿಕಾವೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶಕ್ಕಿಳಿದು ಗಾಯ ಮಾಡುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ, ಬಾರದಂತೆ ತಡೆಯಬಹುದು ಅಷ್ಟೆ. ಬಟ್ಟೆ ಕಟ್ಟಿಕೊಂಡರೆ ಈ ಕಣಗಳು ನಿಲ್ಲುವುದಿಲ್ಲ. ನೀರು ಹರಿಸಿ ಕೊಯ್ಯಬೇಕು, ಧೂಳು ಎಳೆಯುವ ಯಂತ್ರ ಬೇಕು, ಮುಖಕ್ಕೆ ಸರಿಯಾದ ಮಾಸ್ಕ್ ಬೇಕು. ಗುಜರಾತಿನ ಖಂಬಾತಿನಲ್ಲಿ ಅಕೀಕ್ ಕೊಯ್ಯುವ ಮನೆಮನೆಗಳನ್ನು ಈ ರೋಗ ಕಾಡಿದೆ. ಅಡುಗೆಮನೆ ಕಟ್ಟೆಗೆ ಹಾಕುವ, ಸಿಲಿಕಾ ತುಂಬಿದ ಕೃತಕ ಕಲ್ಲಿನಿಂದ ಕೆಲಸಗಾರರು ಕಾಯಿಲೆ ಬೀಳುವುದನ್ನು ಕಂಡು, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು.

ಹಾಗಾದರೆ ಕಲ್ಲಿನ ದೀಪ ಕೊಳ್ಳಲೇಬಾರದೇ? ಕೊಳ್ಳಿ. ಕೊಳ್ಳುವವರಿದ್ದರೆ ತಾನೇ ಕಾಕಾನಂಥವರ ಮನೆ ನಡೆಯುವುದು? ಆದರೆ ಮೂರು ಮಾತು ನೆನಪಿಡಿ. ಒಂದು, ಟಾರ್ಚ್ ಹಿಡಿದು ನೋಡಿ. ನಿಜವಾದ ಕಲ್ಲಿನ ಎರಡು ಚೂರುಗಳ ಗೆರೆ ಪಡಿಯಚ್ಚಿನಂತೆ ಒಂದೇ ತೆರನಾಗಿರುವುದಿಲ್ಲ. ಎರಡು, ತೂಕ ಲೆಕ್ಕ ಹಾಕಿ. 30 ಸೆಂಟಿಮೀಟರ್ ಚೌಕದ, 5 ಮಿಲಿಮೀಟರ್ ದಪ್ಪದ ಒಂದು ಹಲಗೆಯೇ ಸುಮಾರು 1.2 ಕಿಲೋ. ನಾಲ್ಕು ಸೇರಿದರೆ ಐದು ಕಿಲೋ ಹತ್ತಿರ. ಅದನ್ನು ಸ್ಲ್ಯಾಬಿಗೆ ಬಿಗಿದ ಕೊಕ್ಕೆಗೆ ತೂಗುಹಾಕಬೇಕೇ ಹೊರತು ವೈರಿಗಲ್ಲ. ಒಳಗೆ ಎಲ್‌ಇಡಿ ಬಲ್ಬ್ ಹಾಕಿ, ಬಿಸಿ ಕಡಿಮೆ. ಮೂರನೆಯದೇ ಮುಖ್ಯ: "ನೀರು ಬಿಟ್ಟು ಕೊಯ್ದಿದ್ದೋ, ಒಣಗಲ್ಲೋ?" ಎಂದು ಕೇಳಿ. ನಾಲ್ಕು ಜನ ಗಿರಾಕಿಗಳು ಕೇಳಿದರೆ ಐದನೆಯವರು ಬರುವ ಹೊತ್ತಿಗೆ ಅಂಗಡಿಯಲ್ಲಿ ನೀರಿನ ಪೈಪು ಬಂದಿರುತ್ತದೆ.

ನನ್ನ ಕಲ್ಲು ನಾಲ್ಕು ದಿನ ತಡವಾಗಿ ಬಂತು. ಕಾಕಾ ಹೇಳಿದಷ್ಟು ದುಡ್ಡು ಕೊಟ್ಟೆ. ನೀರು ಬಿಟ್ಟು ಕೊರೆದದ್ದು ಅವರ ಮಗ. ಈಗ ಅದು ಮರದ ಚೌಕಟ್ಟಿನಲ್ಲಿ ನಮ್ಮ ಹಜಾರದ ಮೂಲೆಯಲ್ಲಿ ನಿಂತಿದೆ. ಸಂಜೆ ಹಿಂದಿನ ದೀಪ ಹಚ್ಚಿದರೆ ಗೋಡೆಯ ಮೇಲೆ ಅಮ್ಮನ 49 ಚುಕ್ಕಿ ಮೂಡುತ್ತವೆ.

ನಿಮ್ಮ ಮನೆಯಲ್ಲೂ ಊರಿನಿಂದ ತಂದ ಕಲ್ಲೊಂದು ಇದ್ದರೆ ಅದರ ಕಥೆ ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದೋಣ. ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ.