ಏಳು ಅಂಗುಲದ ತಟ್ಟೆಯಲ್ಲಿ ಒಂದು ತಂಡದ ಚರಿತ್ರೆ



ಒಂದು ಸಂಗೀತ ತಂಡವನ್ನು ಪರಿಚಯ ಮಾಡಿಕೊಳ್ಳಲು ಎರಡು ದಾರಿಗಳಿವೆ. ಆ ತಂಡದ ಆಲ್ಬಂಗಳನ್ನು ಒಂದೊಂದಾಗಿ, ಮೊದಲಿನಿಂದ ಕೊನೆಯವರೆಗೆ ಕೇಳುವುದು ಒಂದು. ಕಾಲಕಾಲಕ್ಕೆ ಅದು ಹೊರತಂದ ಬಿಡಿ ಹಾಡುಗಳನ್ನಷ್ಟೇ ಸಾಲಾಗಿ ಜೋಡಿಸಿಕೊಂಡು ಕೇಳುವುದು ಇನ್ನೊಂದು. ಮೊದಲನೆಯದು ಶ್ರದ್ಧಾವಂತರ ದಾರಿ, ಎರಡನೆಯದು ಅವಸರದವರ ದಾರಿ ಎಂಬ ತಾತ್ಸಾರ ಬಲ್ಲವರಲ್ಲಿ ಉಂಟು. ಇಂಗ್ಲೆಂಡಿನ ‘ಸೂಸಿ ಅಂಡ್ ದಿ ಬ್ಯಾನ್ಷೀಸ್’ ತಂಡದ ಮಟ್ಟಿಗೆ ಈ ತಾತ್ಸಾರ ಸಲ್ಲದು. ಆ ತಂಡದ ಕೆಲವು ಮುಖ್ಯ ಹಾಡುಗಳು ಆಲ್ಬಂಗಳಲ್ಲಿ ಸೇರಲೇ ಇಲ್ಲ. ಅಷ್ಟೇ ಅಲ್ಲ, ತಂಡ ಎಲ್ಲಿ ಎಡವಿತು, ಎಲ್ಲಿ ತಿದ್ದಿಕೊಂಡಿತು ಎಂಬುದಕ್ಕೆ ಆ ಬಿಡಿ ಹಾಡುಗಳೇ ಸಾಕ್ಷಿ.

‘ಬ್ಯಾನ್ಷೀ’ ಎಂದರೆ ಐರ್ಲೆಂಡಿನ ಜನಪದ ನಂಬಿಕೆಯ ಒಂದು ಹೆಣ್ಣು ಪ್ರೇತ. ಮನೆಯಲ್ಲಿ ಸಾವು ಸಂಭವಿಸುವ ಮುನ್ನ ಅದು ಹೊರಗೆ ನಿಂತು ಗೋಳಿಡುತ್ತದಂತೆ. ಇಂಥ ಹೆಸರಿಟ್ಟುಕೊಂಡ ತಂಡಕ್ಕೆ ‘ಗಾಥಿಕ್’ ಎಂಬ ಹಣೆಪಟ್ಟಿ ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕಪ್ಪು ಉಡುಪು, ಕೆದರಿ ನಿಲ್ಲಿಸಿದ ಕೂದಲು, ದಟ್ಟ ಕಾಡಿಗೆ, ಪಾಳು ಬಂಗಲೆಯ ಕತ್ತಲೆಯನ್ನು ನೆನಪಿಸುವ ಧ್ವನಿ: ಗಾಥಿಕ್ ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರವಿದು. ಈ ಚಿತ್ರವನ್ನು ರೂಪಿಸಿದವರಲ್ಲಿ ಗಾಯಕಿ ಸೂಸಿ ಸೂ ಪ್ರಮುಖಳು. ವಿಚಿತ್ರವೆಂದರೆ, ಆ ಹಣೆಪಟ್ಟಿಯನ್ನು ಆಕೆ ಎಂದೂ ಇಷ್ಟಪಡಲಿಲ್ಲ. ಏಕೆ ಎಂಬುದಕ್ಕೆ ಉತ್ತರವೂ ಬಿಡಿ ಹಾಡುಗಳಲ್ಲೇ ಇದೆ.

ಸಿಂಗಲ್ ಎಂಬ ಪದ್ಧತಿ

ಮೊದಲು ಈ ‘ಸಿಂಗಲ್’ ಏನೆಂದು ನೋಡೋಣ. ಏಳು ಅಂಗುಲ ವ್ಯಾಸದ, ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ಧ್ವನಿಮುದ್ರಿಕೆ ಅದು. ನಮ್ಮಲ್ಲಿ ಹಿಂದೆ ಚಿತ್ರಗೀತೆಗಳ ಚಿಕ್ಕ ಇಪಿ ತಟ್ಟೆಗಳನ್ನು ಕೇಳಿದವರಿಗೆ ಆ ಗಾತ್ರ ಪರಿಚಿತ. ಒಂದು ಬದಿಗೆ ಮುಖ್ಯ ಹಾಡು, ಹಿಂಬದಿಗೆ ಇನ್ನೊಂದು. ದೊಡ್ಡ ಎಲ್‌ಪಿ ತಟ್ಟೆ ಕೊಳ್ಳಲಾಗದ ಹುಡುಗ ಹುಡುಗಿಯರೂ ಕೈಖರ್ಚಿನ ಹಣದಲ್ಲಿ ಇದನ್ನು ಕೊಳ್ಳಬಹುದಿತ್ತು. ವಾರವಾರದ ಮಾರಾಟವನ್ನು ಲೆಕ್ಕಹಾಕಿ ಕ್ರಮಾಂಕ ಪಟ್ಟಿ ಪ್ರಕಟಿಸಲಾಗುತ್ತಿತ್ತು. ಪಟ್ಟಿಯಲ್ಲಿ ಮೇಲೇರಿದವರಿಗೆ ಬಿಬಿಸಿ ಟೆಲಿವಿಷನ್ನಿನ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದ ಬಾಗಿಲು ತೆರೆಯುತ್ತಿತ್ತು. ಮೂರು ನಾಲ್ಕು ನಿಮಿಷಗಳಲ್ಲಿ ಅಪರಿಚಿತರನ್ನು ಹಿಡಿದು ನಿಲ್ಲಿಸಬೇಕು. ಇದೇ ಸಿಂಗಲ್ ಒಡ್ಡುವ ಪರೀಕ್ಷೆ.

ಇಪ್ಪತ್ತು ನಿಮಿಷದ ಗದ್ದಲ

1976ರ ಲಂಡನ್. ನಿರುದ್ಯೋಗ, ಬೆಲೆಯೇರಿಕೆಗಳಿಂದ ಬೇಸತ್ತ ಯುವಕರ ನಡುವೆ ಪಂಕ್ ಸಂಗೀತ ತಲೆಯೆತ್ತಿದ ವರ್ಷ. ವಾದ್ಯ ಬಾರದಿದ್ದರೂ ಚಿಂತೆಯಿಲ್ಲ, ವೇದಿಕೆ ಏರಿ ಎಂಬುದೇ ಪಂಕ್‌ನ ಮಂತ್ರ. ಅದರಂತೆ ಸೆಪ್ಟೆಂಬರ್ 20ರಂದು ಆಕ್ಸ್‌ಫರ್ಡ್ ಸ್ಟ್ರೀಟಿನ ‘100 ಕ್ಲಬ್’ನಲ್ಲಿ ನಡೆದ ಪಂಕ್ ಉತ್ಸವದಲ್ಲಿ ಹತ್ತೊಂಬತ್ತರ ಹರೆಯದ ಸೂಸನ್ ಬ್ಯಾಲಿಯನ್, ಅಂದರೆ ಸೂಸಿ ಸೂ, ವೇದಿಕೆ ಏರಿದಳು. ಬೇಸ್ ಗಿಟಾರ್ ಹಿಡಿದವನು ಗೆಳೆಯ ಸ್ಟೀವನ್ ಸೆವೆರಿನ್. ಗಿಟಾರಿಗೆ ಮಾರ್ಕೊ ಪಿರೋನಿ. ಡ್ರಮ್ಸ್‌ಗೆ, ಮುಂದೆ ಸೆಕ್ಸ್ ಪಿಸ್ಟಲ್ಸ್ ಸೇರಿ ಕುಖ್ಯಾತನಾದ ಸಿಡ್ ವಿಷಸ್. ಕ್ರೈಸ್ತರ ಪ್ರಾರ್ಥನೆಯೊಂದನ್ನು ಆಧಾರವಾಗಿಟ್ಟುಕೊಂಡು ಸುಮಾರು ಇಪ್ಪತ್ತು ನಿಮಿಷ ಗದ್ದಲ ನಡೆಸಿ ನಾಲ್ವರೂ ಕೆಳಗಿಳಿದರು.

ಆ ದಿನಗಳಲ್ಲಿ ಸೂಸಿ ತೋಳಿಗೆ ಸ್ವಸ್ತಿಕದ ಪಟ್ಟಿ ಕಟ್ಟಿಕೊಂಡು ಕಾಣಿಸಿಕೊಂಡಿದ್ದೂ ಉಂಟು. ನಮ್ಮ ಹೊಸಿಲ ಮೇಲಿನ ಮಂಗಳ ಚಿಹ್ನೆಯಲ್ಲ ಅದು, ಹಿಟ್ಲರನ ಲಾಂಛನ. ಯುದ್ಧದ ಹಳೆಯ ಕಥೆಗಳನ್ನೇ ಹೇಳುತ್ತಿದ್ದ ಹಿರಿಯರನ್ನು ಕೆರಳಿಸುವುದು ಉದ್ದೇಶವಾಗಿತ್ತೆಂದು ಆಕೆ ಮುಂದೆ ವಿವರಿಸಿದಳು. ಉದ್ದೇಶ ಏನೇ ಇರಲಿ, ನಾಜಿ ಶಿಬಿರಗಳಲ್ಲಿ ಬಂಧುಗಳನ್ನು ಕಳೆದುಕೊಂಡವರಿಗೆ ಆ ಪಟ್ಟಿ ಕೊಡುವ ನೋವು ಒಂದೇ. ಈ ಕಳಂಕ ತಂಡದ ಬೆನ್ನಿಗೆ ಬಿತ್ತು. ಅದಕ್ಕೆ ಉತ್ತರ ಹೇಳಬೇಕಾಗಿದ್ದದ್ದು ಹಾಡುಗಳಲ್ಲಿ.

ಉಳಿದ ಪಂಕ್ ತಂಡಗಳು ಒಂದೊಂದಾಗಿ ಒಪ್ಪಂದ ಪಡೆದರೂ ಬ್ಯಾನ್ಷೀಸ್ ಹೊರಗೇ ಉಳಿಯಿತು. ತಂಡಕ್ಕೆ ಒಪ್ಪಂದ ಕೊಡಿ ಎಂಬ ಬರಹ ಲಂಡನ್ನಿನ ಗೋಡೆಗಳ ಮೇಲೆ ಕಾಣಿಸಿಕೊಂಡಿತು. ಬಿಬಿಸಿ ರೇಡಿಯೋದ ಜಾನ್ ಪೀಲ್ ತಮ್ಮ ಕಾರ್ಯಕ್ರಮಕ್ಕೆ ಎರಡು ಬಾರಿ ಧ್ವನಿಮುದ್ರಣ ಮಾಡಿಸಿ ಪ್ರಸಾರ ಮಾಡಿದರು. ಕೊನೆಗೆ 1978ರ ಜೂನ್‌ನಲ್ಲಿ ಪಾಲಿಡಾರ್ ಕಂಪನಿ ಸಹಿ ಹಾಕಿತು.

ಚೀನೀ ಹೋಟೆಲಿನ ಹಾಡು

ಅದೇ ವರ್ಷದ ಆಗಸ್ಟ್‌ನಲ್ಲಿ ಮೊದಲ ಸಿಂಗಲ್ ‘ಹಾಂಗ್‌ಕಾಂಗ್ ಗಾರ್ಡನ್’ ಹೊರಬಂತು. ಗಿಟಾರ್ ವಾದಕ ಜಾನ್ ಮೆಕೇ ಕಟ್ಟಿದ ರಾಗವನ್ನು ಕ್ಸೈಲೋಫೋನ್, ಅಂದರೆ ಮರದ ಪಟ್ಟಿಗಳ ವಾದ್ಯ, ಮೊದಲಿಗೆ ನುಡಿಸುತ್ತದೆ. ಆಮೇಲೆ ಗಿಟಾರ್ ಅದನ್ನು ಎತ್ತಿಕೊಳ್ಳುತ್ತದೆ. ಮುಂದೆ ‘ಯು2’ ತಂಡದ ಮೊದಲ ಆಲ್ಬಂಗಳನ್ನು ರೂಪಿಸಿದ ಸ್ಟೀವ್ ಲಿಲಿವೈಟ್ ಇದರ ನಿರ್ಮಾಣದಲ್ಲಿದ್ದರು. ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಏಳನೆಯ ಸ್ಥಾನಕ್ಕೇರಿತು.

ಹೆಸರು ಬಂದದ್ದು ಲಂಡನ್ ಹೊರವಲಯದ ಚಿಸಲ್‌ಹರ್ಸ್ಟ್‌ನಲ್ಲಿದ್ದ ಒಂದು ಚೀನೀ ಹೋಟೆಲಿನಿಂದ. ತಲೆಬೋಳಿಸಿಕೊಂಡ ‘ಸ್ಕಿನ್‌ಹೆಡ್’ ಪುಂಡರು ಅಲ್ಲಿ ಬಂದು ಕೆಲಸಗಾರರನ್ನು ಹೀಯಾಳಿಸುತ್ತಿದ್ದುದನ್ನು ಸೂಸಿ ಕಂಡಿದ್ದಳು. ಆ ಅಸಹಾಯಕ ಸಿಟ್ಟೇ ಹಾಡಾಯಿತು ಎಂದು ಆಕೆಯೇ ಹೇಳಿದ್ದಾಳೆ. ಆದರೆ ಹಾಡು ಕೇಳಿದರೆ ಸಿಗುವುದೇ ಬೇರೆ. ಚೀನಾ ಎಂದೊಡನೆ ಪಾಶ್ಚಾತ್ಯರ ಮನಸ್ಸಿಗೆ ಬರುವ ಸವಕಲು ಚಿತ್ರಗಳೇ ಅಲ್ಲಿ ತುಂಬಿವೆ. ಅವಮಾನಿತರ ಪರವಾಗಿ ಬರೆದ ಹಾಡು ಅವರನ್ನು ಬೊಂಬೆಗಳನ್ನಾಗಿಸಿದೆ. ಉದ್ದೇಶ ಒಂದು, ಫಲ ಇನ್ನೊಂದು. ತೋಳಪಟ್ಟಿಯ ಎಡವಟ್ಟು ಇಲ್ಲಿ ಇನ್ನೊಂದು ರೂಪದಲ್ಲಿ ಮರುಕಳಿಸಿತು ಎನ್ನದೆ ವಿಧಿಯಿಲ್ಲ. ಹಾಗಿದ್ದೂ ಆ ರಾಗದ ಹೊಳಪು ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದೇ ಸರಿಯಾದ ಕೇಳ್ವಿಕೆ.

ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಬಂದ ಮೊದಲ ಆಲ್ಬಂ ‘ದಿ ಸ್ಕ್ರೀಮ್’ನಲ್ಲಿ ಈ ಹಾಡು ಇರಲಿಲ್ಲ. ಹೆಸರು ತಂದುಕೊಟ್ಟ ಹಾಡನ್ನೇ ಬಿಟ್ಟು ಆಲ್ಬಂ ತಂದ ತಂಡದ ಧೈರ್ಯ ಮೆಚ್ಚಬೇಕಾದ್ದೇ.

ಎರಡು ಮುಖದ ತಟ್ಟೆ

ತೋಳಪಟ್ಟಿಗೆ ಉತ್ತರ ಬಂದದ್ದು 1979ರಲ್ಲಿ. ‘ಮಿಟಾಗ್‌ಐಸೆನ್’ ಎಂಬ ಜರ್ಮನ್ ಹಾಡಿನ ಸಿಂಗಲ್ ಅದು. ಜರ್ಮನ್ ಭಾಷೆಯಲ್ಲಿ ಮಧ್ಯಾಹ್ನದ ಊಟಕ್ಕೆ ಇರುವ ಪದದೊಳಗೆ ಕಬ್ಬಿಣ ಎಂಬ ಪದವನ್ನು ತುರುಕಿ ಮಾಡಿದ ಶ್ಲೇಷೆ. ಹಾಡನ್ನು ಅರ್ಪಿಸಿದ್ದು ಜಾನ್ ಹಾರ್ಟ್‌ಫೀಲ್ಡ್ ಎಂಬ ಜರ್ಮನ್ ಕಲಾವಿದನಿಗೆ. ಛಾಯಾಚಿತ್ರಗಳನ್ನು ಕತ್ತರಿಸಿ ಅಂಟಿಸಿ ನಾಜಿಗಳನ್ನು ಲೇವಡಿ ಮಾಡಿ, ಹಿಟ್ಲರ್ ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟು ಓಡಬೇಕಾದವನು ಈತ. ಕಬ್ಬಿಣ ದೇಶವನ್ನು ಬಲಪಡಿಸುತ್ತದೆ, ಬೆಣ್ಣೆ ಜನರನ್ನು ಕೊಬ್ಬಿಸುತ್ತದೆ ಎಂಬ ಅರ್ಥದ ಭಾಷಣವನ್ನು ನಾಜಿ ನಾಯಕ ಗೋರಿಂಗ್ ಮಾಡಿದ್ದ. ಅದಕ್ಕೆ ಹಾರ್ಟ್‌ಫೀಲ್ಡ್ 1935ರಲ್ಲಿ ಚಿತ್ರದ ಮೂಲಕ ಉತ್ತರಿಸಿದ. ಗೋಡೆಯ ಮೇಲೆ ಹಿಟ್ಲರನ ಭಾವಚಿತ್ರ, ಸ್ವಸ್ತಿಕ ಮುದ್ರಿತ ಗೋಡೆಕಾಗದ. ಅದರಡಿ ಒಂದು ಸಂಸಾರ ಊಟಕ್ಕೆ ಕುಳಿತಿದೆ, ತಿನ್ನುತ್ತಿರುವುದು ಕಬ್ಬಿಣದ ತುಂಡುಗಳನ್ನು. ಎಳೆಯ ಮಗು ಕೊಡಲಿ ಚೀಪುತ್ತಿದೆ. ಇದೇ ಚಿತ್ರ ಸಿಂಗಲ್‌ನ ಹೊದಿಕೆಯ ಮೇಲಿತ್ತು.

ಆ ತಟ್ಟೆಯ ಮತ್ತೊಂದು ಬದಿಯ ಹಾಡು ‘ಲವ್ ಇನ್ ಎ ವಾಯ್ಡ್’. ಆರಂಭದ ಕಾರ್ಯಕ್ರಮಗಳಲ್ಲಿ ಇದನ್ನು ಹಾಡುವಾಗ ಯಹೂದಿಗಳನ್ನು ನೋಯಿಸುವ ಒಂದು ಮಾತು ಇರುತ್ತಿತ್ತು. ತಟ್ಟೆಗೆ ಬರುವ ಹೊತ್ತಿಗೆ ಆ ಪದ ಹೋಗಿ, ಮತಾಂಧರನ್ನು ಟೀಕಿಸುವ ಪದ ಅಲ್ಲಿ ಬಂದಿತ್ತು. ಒಂದು ಬದಿಗೆ ನಾಜಿ ವಿರೋಧಿ ಕಲಾವಿದನಿಗೆ ಗೌರವ, ಇನ್ನೊಂದು ಬದಿಗೆ ತಿದ್ದಿದ ಸಾಲು. ಮಾರಾಟದಲ್ಲಿ ಇದು 47ನೆಯ ಸ್ಥಾನ ದಾಟಲಿಲ್ಲ. ತಂಡದ ಮನಸ್ಸು ಹೊರಳಿದ್ದು ಗೊತ್ತಾಗುವುದು ಮಾತ್ರ ಈ ತಟ್ಟೆಯಲ್ಲಿ.

ಬಿಟ್ಟು ಹೋದವರು, ಬಂದು ಸೇರಿದವರು

ಅದೇ ಸೆಪ್ಟೆಂಬರ್‌ನಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಕಛೇರಿಗೆ ಕೆಲವೇ ಗಂಟೆಗಳಿರುವಾಗ ಮೆಕೇ ಮತ್ತು ಡ್ರಮ್ಸ್ ವಾದಕ ಕೆನಿ ಮಾರಿಸ್ ತಂಡ ತೊರೆದು ಹೊರಟುಬಿಟ್ಟರು. ಉಳಿದದ್ದು ಸೂಸಿ ಮತ್ತು ಸೆವೆರಿನ್ ಮಾತ್ರ. ಜೊತೆಯಲ್ಲಿ ಪ್ರವಾಸ ಮಾಡುತ್ತಿದ್ದ ‘ದಿ ಕ್ಯೂರ್’ ತಂಡದ ರಾಬರ್ಟ್ ಸ್ಮಿತ್ ನೆರವಿಗೆ ಬಂದರು. ಸಂಜೆ ಮೊದಲು ತಮ್ಮ ತಂಡಕ್ಕೆ, ನಂತರ ಬ್ಯಾನ್ಷೀಸ್‌ಗೆ ಗಿಟಾರ್ ನುಡಿಸಿ ಪ್ರವಾಸ ಮುಗಿಸಿಕೊಟ್ಟರು. ಡ್ರಮ್ಸ್‌ಗೆ ಬಂದ ಬಜಿ ಕೊನೆಯವರೆಗೂ ಉಳಿದರು.

ಗಿಟಾರಿಗೆ ಬಂದದ್ದು ಜಾನ್ ಮೆಕ್ಗಿಯೋಕ್. 1980ರ ‘ಹ್ಯಾಪಿ ಹೌಸ್’ನಲ್ಲಿ ಅವರ ಗಿಟಾರ್ ಅಬ್ಬರಿಸುವುದಿಲ್ಲ, ತಣ್ಣಗೆ ಮಿಂಚಿ ಮಾಯವಾಗುತ್ತದೆ. ಸುಖೀ ಸಂಸಾರದ ಸೋಗನ್ನು ಚುಚ್ಚುವ ಹಾಡಿಗೆ ಆ ಟೊಳ್ಳು ಧ್ವನಿಯೇ ತಕ್ಕದ್ದು. ಬೆನ್ನಲ್ಲೇ ಬಂದ ‘ಕ್ರಿಸ್ಟೀನ್’, ಬಹುವ್ಯಕ್ತಿತ್ವದ ತೊಂದರೆ ಅನುಭವಿಸಿದ ಅಮೆರಿಕದ ಕ್ರಿಸ್ ಸೈಜ್‌ಮೋರ್ ಎಂಬಾಕೆಯ ಕಥೆ. ‘ಇಸ್ರೇಲ್’ ಎಂಬ ಸಿಂಗಲ್‌ಗೆ ವೇಲ್ಸ್‌ನ ವೃಂದಗಾಯಕರು ಧ್ವನಿಗೂಡಿಸಿದರು. ಇದೂ ಆಲ್ಬಂ ಸೇರಲಿಲ್ಲ. 1981ರ ‘ಸ್ಪೆಲ್‌ಬೌಂಡ್’ನಲ್ಲಿ ಗಿಟಾರಿನ ತಂತಿಗಳು ಓಟ ಕಿತ್ತಂತೆ ಧಾವಿಸುತ್ತವೆ. ಆ ಡಿಸೆಂಬರ್‌ನಲ್ಲಿ ಹತ್ತು ಹಾಡುಗಳ ‘ಒನ್ಸ್ ಅಪಾನ್ ಎ ಟೈಮ್’ ಎಂಬ ಸಿಂಗಲ್‌ಗಳ ಸಂಕಲನ ಬಂತು. ಬಿಡಿ ತಟ್ಟೆಗಳನ್ನು ಆಯಾ ಕಾಲಕ್ಕೆ ಕೊಳ್ಳದವರು ತಂಡವನ್ನು ಅರಿಯಲು ಇಂದಿಗೂ ಇದು ಒಳ್ಳೆಯ ಬಾಗಿಲು.

1982ರಲ್ಲಿ ಲಂಡನ್ನಿನ ಸೋಹೋದಲ್ಲಿ ‘ಬ್ಯಾಟ್‌ಕೇವ್’ ಎಂಬ ಕ್ಲಬ್ ಆರಂಭವಾಗಿ ಗಾಥಿಕ್ ಒಂದು ಪಂಗಡವೇ ಆಯಿತು. ಸೂಸಿಯಂತೆ ಕಾಡಿಗೆ ತೀಡಿಕೊಂಡವರು ಊರೂರುಗಳಲ್ಲಿ ಕಾಣಿಸಿಕೊಂಡರು. ಅಷ್ಟರಲ್ಲಿ ತಂಡ ಬೇರೆ ಹಾದಿ ಹಿಡಿದಾಗಿತ್ತು.

ಹೃಷೀಕೇಶದಿಂದ ಬಂದ ಹಾಡು

1983ರ ‘ಡಿಯರ್ ಪ್ರೂಡೆನ್ಸ್’ ಬ್ಯಾನ್ಷೀಸ್ ಬರೆದದ್ದಲ್ಲ, ಬೀಟಲ್ಸ್ ತಂಡದ ಹಾಡು. ಅದು ಹುಟ್ಟಿದ್ದು ಹೃಷೀಕೇಶದಲ್ಲಿ. 1968ರಲ್ಲಿ ಮಹರ್ಷಿ ಮಹೇಶ ಯೋಗಿಯ ಆಶ್ರಮದಲ್ಲಿ ಬೀಟಲ್ಸ್ ತಂಗಿದ್ದಾಗ, ನಟಿ ಮಿಯಾ ಫ್ಯಾರೋಳ ತಂಗಿ ಪ್ರೂಡೆನ್ಸ್ ಧ್ಯಾನದಲ್ಲಿ ಮುಳುಗಿ ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ. ಆಕೆಯನ್ನು ಹೊರಗೆ ಕರೆಯುವ ಹಾಡನ್ನು ಜಾನ್ ಲೆನನ್ ಬರೆದರು. ಮತ್ತೆ ತಂಡದಲ್ಲಿದ್ದ ರಾಬರ್ಟ್ ಸ್ಮಿತ್‌ರ ಗಿಟಾರಿನೊಂದಿಗೆ ಬ್ಯಾನ್ಷೀಸ್ ಅದಕ್ಕೆ ಮಂಜು ಕವಿದಂಥ ಧ್ವನಿ ಕೊಟ್ಟಿತು. ಹಾಡು ಮೂರನೆಯ ಸ್ಥಾನಕ್ಕೇರಿತು. ತಾಯ್ನಾಡಿನ ಪಟ್ಟಿಯಲ್ಲಿ ತಂಡ ಏರಿದ ಅತಿ ಎತ್ತರ ಇದೇ.

ಆಮೇಲಿನ ಸಿಂಗಲ್‌ಗಳೂ ಹಿಂದಿನದನ್ನು ಪುನರಾವರ್ತಿಸಲಿಲ್ಲ. 1985ರ ‘ಸಿಟೀಸ್ ಇನ್ ಡಸ್ಟ್’ ಜ್ವಾಲಾಮುಖಿಯಲ್ಲಿ ಹೂತುಹೋದ ಪಾಂಪೆ ನಗರವನ್ನು ಕುಣಿತದ ಲಯಕ್ಕೆ ತಂದಿತು. 1988ರ ‘ಪೀಕ್-ಎ-ಬೂ’ ಹುಟ್ಟಿದ್ದು ತಮ್ಮದೇ ಹಳೆಯ ಧ್ವನಿಮುದ್ರಣದ ಭಾಗವೊಂದನ್ನು ಹಿಂದುಮುಂದಾಗಿ ಓಡಿಸಿದಾಗ. ಅದೇ ವರ್ಷ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಆರಂಭಿಸಿದ ಆಧುನಿಕ ರಾಕ್ ಪಟ್ಟಿಯ ಮೊಟ್ಟಮೊದಲ ಅಗ್ರಸ್ಥಾನ ಈ ಹಾಡಿಗೆ ದಕ್ಕಿತು.

ಕ್ಸೈಲೋಫೋನಿನಿಂದ ತಬಲಾಕ್ಕೆ

1991ರ ‘ಕಿಸ್ ದೆಮ್ ಫಾರ್ ಮಿ’ ಅಮೆರಿಕದ ಮುಖ್ಯ ಪಟ್ಟಿಯಲ್ಲಿ 23ನೆಯ ಸ್ಥಾನ ತಲುಪಿತು. 1967ರಲ್ಲಿ ಕಾರು ಅಪಘಾತದಲ್ಲಿ ಮಡಿದ ನಟಿ ಜೇನ್ ಮ್ಯಾನ್ಸ್‌ಫೀಲ್ಡ್‌ಳ ಬದುಕು ಅದರ ವಸ್ತು. ಇದರಲ್ಲಿ ತಬಲಾ ನುಡಿಸಿದವರು ಲಂಡನ್ನಿನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಭಾರತಕ್ಕೆ ಬಂದು ಆ ವಾದ್ಯ ಕಲಿತ ತಲ್ವಿನ್ ಸಿಂಗ್. ಹಾಡಿಗೆ ಅವರ ಧ್ವನಿಯೂ ಇದೆ. ಎಂಟು ವರ್ಷಗಳ ನಂತರ, 1999ರಲ್ಲಿ, ಅವರು ತಮ್ಮದೇ ಆಲ್ಬಂಗೆ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದರು.

ಮೊದಲ ಸಿಂಗಲ್ ಮತ್ತು ಈ ಸಿಂಗಲ್ ನಡುವೆ ಹದಿಮೂರು ವರ್ಷಗಳ ಅಂತರ. ಅಲ್ಲಿ ಪೂರ್ವದೇಶವೆಂದರೆ ಹೋಟೆಲಿನ ನಾಮಫಲಕ, ಅಣಕು ರಾಗ, ಸವಕಲು ಚಿತ್ರ. ಇಲ್ಲಿ ಪೂರ್ವದ ವಾದ್ಯವನ್ನು ಬಲ್ಲ ಒಬ್ಬ ಕಲಾವಿದ ತನ್ನ ಹೆಸರಿನೊಂದಿಗೆ ಬಂದು ಕುಳಿತು ಲಯ ಕೊಡುತ್ತಿದ್ದಾನೆ. ಈ ವ್ಯತ್ಯಾಸ ತಿಳಿಯಲು ಸಂಗೀತಶಾಸ್ತ್ರ ಬೇಕಿಲ್ಲ, ಎರಡು ಹಾಡುಗಳನ್ನು ಒಂದರ ಹಿಂದೊಂದು ಕೇಳಿದರೆ ಸಾಕು.

1992ರಲ್ಲಿ ಎರಡನೆಯ ಸಂಕಲನ ‘ಟ್ವೈಸ್ ಅಪಾನ್ ಎ ಟೈಮ್’ ಬಂತು. 1996ರಲ್ಲಿ ತಂಡ ವಿಸರ್ಜನೆಗೊಂಡಿತು. 2002ರಲ್ಲಿ ಒಂದು ಪ್ರವಾಸಕ್ಕಾಗಿ ಮಾತ್ರ ಮತ್ತೆ ಕೂಡಿತು. ಮೆಕ್ಗಿಯೋಕ್ 2004ರಲ್ಲಿ ತೀರಿಕೊಂಡರು. ಹಾಡುಗಳು ಮಾತ್ರ ತಿರುಗಾಡುತ್ತಲೇ ಇವೆ. 2011ರಲ್ಲಿ ಕೆನಡಾದ ಗಾಯಕ ‘ದಿ ವೀಕೆಂಡ್’ ತಮ್ಮ ಹಾಡಿಗೆ ‘ಹ್ಯಾಪಿ ಹೌಸ್’ನ ಧ್ವನಿಯನ್ನೇ ಅಡಿಪಾಯ ಮಾಡಿಕೊಂಡರು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ‘ಸ್ಪೆಲ್‌ಬೌಂಡ್’ ಕೇಳಿದಾಗ, ತಂಡ ಮುರಿದ ಮೇಲೆ ಹುಟ್ಟಿದ ಮಕ್ಕಳು ಇದು ಯಾರ ಹಾಡೆಂದು ಹುಡುಕಿದರು.

ಹಾಗೆ ಹುಡುಕಿಕೊಂಡು ಬರುವವರಿಗೆ ಹೇಳುವುದಿಷ್ಟೇ. ಕಪ್ಪು ಉಡುಪಿನ ಚಿತ್ರದಿಂದ ಆರಂಭಿಸಬೇಡಿ. ಸಿಂಗಲ್‌ಗಳನ್ನು ಬಂದ ಕ್ರಮದಲ್ಲೇ ಜೋಡಿಸಿಕೊಂಡು ಕೇಳಿ. 1979ರ ಆ ಎರಡು ಮುಖದ ತಟ್ಟೆಯ ಸರದಿ ಬಂದಾಗ ಅವಸರ ಮಾಡದೆ ಎರಡೂ ಬದಿಗಳನ್ನು ಕೇಳಿ ಮುಂದೆ ಹೋಗಿ.