ಮತಪಟ್ಟಿಯಲ್ಲಿ ಅವಳ ಹೆಸರು



ಚುನಾವಣೆಯ ದಿನ ಮತಗಟ್ಟೆಯ ಮುಂದೆ ನಿಂತ ಹೆಂಗಸರ ಸಾಲನ್ನು ನಾವೆಲ್ಲರೂ ನೋಡಿದ್ದೇವೆ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಟಿ. ಈ ಸಾಲು ತಾನಾಗಿ ಹುಟ್ಟಿದ್ದಲ್ಲ. ಇದಕ್ಕಾಗಿ ದುಡಿದವರಲ್ಲಿ ಒಬ್ಬರು ದೂರದ ಐರ್ಲೆಂಡಿನಿಂದ ಬಂದು, ನಮ್ಮ ಮಂಗಳೂರಿನಲ್ಲೂ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು. ಅವರೇ ಮಾರ್ಗರೇಟ್ ಕಸಿನ್ಸ್.

1878ರಲ್ಲಿ ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಹುಟ್ಟಿದ ಮಾರ್ಗರೇಟ್ ಓದಿದ್ದು ಸಂಗೀತ. ಹಿಡಿದದ್ದು ಹೋರಾಟದ ದಾರಿ. 1908ರಲ್ಲಿ ಗೆಳತಿ ಹಾನಾ ಶೀಹಿ ಸ್ಕೆಫಿಂಗ್ಟನ್ ಅವರೊಡನೆ ಐರಿಷ್ ಮಹಿಳೆಯರ ಮತಾಧಿಕಾರ ಸಂಘವನ್ನು ಕಟ್ಟಿದರು. ಮನವಿಗಳಿಗೆ ಸರ್ಕಾರ ಕಿವಿಗೊಡದಾಗ ಅದರ ಕಿಟಕಿಯ ಗಾಜುಗಳನ್ನೇ ಒಡೆದರು. 1910ರಲ್ಲಿ ಲಂಡನ್ನಿನ ಹಾಲೊವೇ ಸೆರೆಮನೆಯನ್ನೂ 1913ರಲ್ಲಿ ಐರ್ಲೆಂಡಿನ ಟಲಮೋರ್ ಸೆರೆಮನೆಯನ್ನೂ ಕಂಡರು. ಟಲಮೋರಿನಲ್ಲಿ ಉಪವಾಸ ಹೂಡಿದರು.

1915ರಲ್ಲಿ ಪತಿ ಜೇಮ್ಸ್ ಕಸಿನ್ಸ್ ಅವರೊಡನೆ ಭಾರತಕ್ಕೆ ಬಂದರು. 1917ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿತು. ಆನಿ ಬೆಸೆಂಟ್ ಅದರ ಅಧ್ಯಕ್ಷೆ. ಅದೇ ವರ್ಷ ಬ್ರಿಟಿಷ್ ಸಚಿವ ಮಾಂಟೆಗು ಆಡಳಿತ ಸುಧಾರಣೆಯ ವಿಚಾರಣೆಗೆಂದು ನಮ್ಮ ದೇಶಕ್ಕೆ ಬಂದರು. ಹೆಣ್ಣುಮಕ್ಕಳ ಶಿಕ್ಷಣದ ಬಗೆಗೆ ಮಾತನಾಡಲು ಮಾರ್ಗರೇಟ್ ಅವಕಾಶ ಕೋರಿದರು. ರಾಜಕೀಯ ವಿಷಯಗಳನ್ನು ಮಾತ್ರ ಕೇಳಲಾಗುವುದು ಎಂಬ ಉತ್ತರ ಬಂತು. ಹಾಗಿದ್ದರೆ ರಾಜಕೀಯವನ್ನೇ ಮಾತನಾಡಿದರಾಯಿತು! ಮನವಿಯಲ್ಲಿ ಮತದ ಹಕ್ಕು ಸೇರಿತು. ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ನಿಯೋಗ ಮಾಂಟೆಗು ಅವರನ್ನು ಕಂಡಿತು. ಜನರು ಎಂದರೆ ಹೆಂಗಸರೂ ಸೇರಬೇಕು, ಗಂಡಸರಿಗೆ ಇರುವ ನಿಯಮವೇ ನಮಗೂ ಇರಲಿ ಎಂಬುದಷ್ಟೇ ಅವರ ಬೇಡಿಕೆ. ಇದನ್ನು ಕೇಳುವಾಗ ಮಾರ್ಗರೇಟ್ ಅವರಿಗೆ ತಮ್ಮ ತಾಯ್ನಾಡಿನಲ್ಲೇ ಇನ್ನೂ ಮತವಿರಲಿಲ್ಲ ಎಂಬುದನ್ನು ನೆನೆಯಬೇಕು.

ಬೇಡಿಕೆ ಒಡನೆಯೇ ಈಡೇರಲಿಲ್ಲ. ಭಾರತದ ಸಮಾಜ ಇದಕ್ಕಿನ್ನೂ ಸಿದ್ಧವಾಗಿಲ್ಲ ಎಂದರು ಅಧಿಕಾರಸ್ಥರು. 1919ರ ಕಾಯಿದೆ ತೀರ್ಮಾನವನ್ನು ಪ್ರಾಂತಗಳಿಗೆ ಬಿಟ್ಟಿತು. 1921ರಲ್ಲಿ ಮದರಾಸು ಒಪ್ಪಿತು, ಅದೇ ವರ್ಷ ಮುಂಬಯಿಯೂ ಒಪ್ಪಿತು. ಸಿದ್ಧವಾಗಿಲ್ಲದವರು ಯಾರೆಂಬುದು ಆಗ ತಿಳಿಯಿತು.

1926ರಲ್ಲಿ ಸ್ತ್ರೀಯರಿಗೆ ಚುನಾವಣೆಗೆ ನಿಲ್ಲುವ ದಾರಿಯೂ ತೆರೆಯಿತು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ಮದರಾಸು ಶಾಸನ ಸಭೆಗೆ ನಿಲ್ಲುವಂತೆ ಒತ್ತಾಯಿಸಿದವರು ಮಾರ್ಗರೇಟ್. ಕಮಲಾದೇವಿ ಅಲ್ಪ ಅಂತರದಲ್ಲಿ ಸೋತರು. ಆದರೆ ಹೆಣ್ಣೊಬ್ಬಳು ಮತ ಕೇಳಿ ಮನೆ ಮನೆಗೆ ಬರಬಹುದೆಂಬುದನ್ನು ಕರಾವಳಿ ಕಂಡಿತು. ಆಳುವವರ ಬಣ್ಣದವರಾದರೂ ಮಾರ್ಗರೇಟ್ ಆಳುವವರ ಪಕ್ಷದಲ್ಲಿರಲಿಲ್ಲ. 1932ರಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳನ್ನು ವಿರೋಧಿಸಿ ವೆಲ್ಲೂರು ಸೆರೆಮನೆ ಸೇರಿದರು.

ಒಂದು ಮಾತನ್ನು ಮರೆಯಬಾರದು. 1921ರ ಹಕ್ಕು ಆಸ್ತಿಪಾಸ್ತಿ ಇದ್ದವರಿಗೆ ಸಿಕ್ಕ ಹಕ್ಕು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸು ಅದರ ಹೊರಗೇ ಉಳಿದಳು. ಅವಳನ್ನು ಒಳಗೆ ಕರೆದದ್ದು 1950ರ ನಮ್ಮ ಸಂವಿಧಾನ. ಆಗಲೂ ಇನ್ನೊಂದು ತೊಡಕು ಎದುರಾಯಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಕಾರಣವಿಷ್ಟೆ: ಅವರು ಇಂಥವನ ಹೆಂಡತಿ, ಇಂಥವನ ತಾಯಿ ಎಂದು ದಾಖಲಾಗಿದ್ದರು, ಸ್ವಂತ ಹೆಸರು ಕೊಟ್ಟಿರಲಿಲ್ಲ.

1943ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಮಾರ್ಗರೇಟ್ 1954ರಲ್ಲಿ ಈ ನೆಲದಲ್ಲೇ ಕಣ್ಮುಚ್ಚಿದರು. ಅಷ್ಟರೊಳಗೆ ಆ ಮೊದಲ ಚುನಾವಣೆ ನಡೆದಿತ್ತು.

ತಾಯಂದಿರೇ, ಮುಂದಿನ ಸಲ ನೀವು ಮತಗಟ್ಟೆಗೆ ಹೋದಾಗ ಅಲ್ಲಿಯ ಅಧಿಕಾರಿ ಪಟ್ಟಿ ನೋಡಿ ಒಂದು ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಅದು ನಿಮ್ಮ ಯಜಮಾನರ ಹೆಸರಲ್ಲ, ಮಗನ ಹೆಸರಲ್ಲ. ನಿಮ್ಮದೇ ಹೆಸರು. ಸ್ವಲ್ಪ ಗಮನವಿಟ್ಟು ಕೇಳಿಸಿಕೊಳ್ಳಿ.