ಗುಡ್ಡ ದಾಟಿದ ನೀರು

ಸವದತ್ತಿಯ ಹತ್ತಿರ ನವಿಲುತೀರ್ಥ ಇದೆಯಲ್ಲ, ಅಲ್ಲಿಯ ಕಥೆಯನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ ದಾಟಿ ಹರಿದು ಬಂದಳು. ನೋಡಿದರೆ ಮುಂದೆ ಉದ್ದಾನುದ್ದ ಗುಡ್ಡ! ಆಗ ನವಿಲೊಂದು ಕೂಗಿತು, ಗುಡ್ಡ ಬಿರಿಯಿತು, ನದಿಗೆ ದಾರಿಯಾಯಿತು. ಹೇಳುವವರು ಬದಲಾದಂತೆ ಕಥೆಯೂ ಅಷ್ಟಿಷ್ಟು ಬದಲಾಗುತ್ತದೆ. ನವಿಲು, ಗುಡ್ಡ, ನದಿ ಈ ಮೂರು ಮಾತ್ರ ಉಳಿಯುತ್ತವೆ.

ಕಥೆ ಮುಗಿದ ಕೂಡಲೇ ನಿಮ್ಮಲ್ಲೊಬ್ಬರು ಕೇಳಿಯೇ ಕೇಳುತ್ತೀರಿ: "ಅಜ್ಜಾ, ಇದು ಖರೇನ?" ಒಳ್ಳೆಯ ಪ್ರಶ್ನೆ. ಆದರೆ ತುಸು ದೊಡ್ಡದಾಯಿತು. ಅದನ್ನು ಸಣ್ಣ ಮಾಡೋಣ. ಕಥೆಯಲ್ಲಿರುವ ಯಾವ ಸಂಗತಿ ನೆಲದ ಮೇಲೆ ಗುರುತು ಬಿಟ್ಟು ಹೋಗಬಲ್ಲದು? ನವಿಲಿನ ಕೂಗು ಗಾಳಿಯಲ್ಲಿ ಕರಗಿ ಹೋಗುತ್ತದೆ. ಸೀಳಿದ ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ನಿಂತಿರುತ್ತದೆ. ಅದನ್ನೇ ಕೇಳಬೇಕು.

ಹೀಗೆ ಕೇಳುವ ಕೆಲಸ ಲೋಕದ ಎಲ್ಲ ಕಡೆಯೂ ನಡೆದಿದೆ. ಬಹಳ ದೂರದ ಯೆರೂಸಲೇಮಿನಲ್ಲಿಯೂ ನೀರು ಗುಡ್ಡ ದಾಟಿದ ಕಥೆಯೊಂದಿದೆ. ಮೊದಲು ಅಲ್ಲಿಗೆ ಹೋಗಿ ಬರೋಣ, ಆಮೇಲೆ ನಮ್ಮ ನದಿಗೆ ಇಳಿಯೋಣ.

ಬೈಬಲ್ಲಿನಲ್ಲಿ ಹಿಜ್ಕೀಯನೆಂಬ ಅರಸನ ಕಥೆ ಬರುತ್ತದೆ. ಅಶ್ಶೂರದ ರಾಜ ಸನ್ಹೇರೀಬ ದೊಡ್ಡ ದಂಡು ಕಟ್ಟಿಕೊಂಡು ಏರಿ ಬಂದ. ಊರಿಗೆ ನೀರು ಕೊಡುವ ಗೀಹೋನ್ ಎಂಬ ಬುಗ್ಗೆಯನ್ನು ವೈರಿಗಳು ಹಿಡಿದುಕೊಂಡರೆ ಗತಿಯೇನು? ಹಿಜ್ಕೀಯ ಆ ಬುಗ್ಗೆಯ ನೀರು ಊರೊಳಗೆ ಬರುವಂತೆ ಕಾಲುವೆ ಮಾಡಿಸಿದ ಎನ್ನುತ್ತದೆ ಆ ಕಥೆ.

ಆ ಕಾಲುವೆ ಇವತ್ತಿಗೂ ಇದೆ! ಬಂಡೆಯ ಹೊಟ್ಟೆಯಲ್ಲಿ ಕೊರೆದ ಸುರಂಗ ಅದು, ಉದ್ದ 533 ಮೀಟರ್. ಹಾವಿನಂತೆ ಡೊಂಕುಡೊಂಕಾಗಿ ಸಾಗುತ್ತದೆ. ಈ ತುದಿಯಿಂದ ಆ ತುದಿಗೆ ಇಳಿಜಾರು ನಿಮ್ಮ ಶಾಲೆಯ ಅಡಿಪಟ್ಟಿಯಷ್ಟೇ, ಸುಮಾರು 30 ಸೆಂಟಿಮೀಟರ್. ಅಷ್ಟು ಸಾಕಾಗಿ ನೀರು ಹರಿಯುತ್ತದೆ. ಅಂದಿನ ಕಲ್ಲುಕುಟಿಗರ ಲೆಕ್ಕಾಚಾರ ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

1880ರಲ್ಲಿ ಅಲ್ಲಿ ನೀರಾಟ ಆಡುತ್ತಿದ್ದ ಹುಡುಗರ ಕಣ್ಣಿಗೆ ಸುರಂಗದ ಗೋಡೆಯ ಮೇಲೆ ಅಕ್ಷರಗಳು ಬಿದ್ದವು. ಆರು ಸಾಲಿನ ಹಳೆಯ ಹೀಬ್ರೂ ಬರಹ. ಪಂಡಿತರು ಕೂತು ಓದಿದರು. ಎರಡು ಗುಂಪುಗಳು ಎರಡು ತುದಿಯಿಂದ ಅಗೆಯುತ್ತ ಬಂದವು, ನಡುವೆ ಇನ್ನು ಕೆಲವೇ ಮೊಳ ಬಂಡೆ ಉಳಿದಾಗ ಆಚೆಯವರ ದನಿ ಈಚೆಯವರಿಗೆ ಕೇಳಿಸಿತು, ಕೊನೆಗೆ ಗುದ್ದಲಿಗೆ ಗುದ್ದಲಿ ಎದುರಾಗಿ ನೀರು ಹರಿಯಿತು ಎಂದು ಅದರಲ್ಲಿ ಬರೆದಿತ್ತು. ಸಂತೋಷದ ಭರದಲ್ಲಿ ರಾಜನ ಹೆಸರನ್ನೇ ಹಾಕಿಲ್ಲ ನೋಡಿ! ಆ ಕಲ್ಲು ಈಗ ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಹೆಸರಿಲ್ಲದ ಮೇಲೆ ಇದು ಹಿಜ್ಕೀಯನ ಕಾಲದ್ದೇ ಎನ್ನುವುದು ಹೇಗೆ? ಸುರಂಗಕ್ಕೆ ಅಂದಿನವರು ಗಾರೆ ಮೆತ್ತಿದ್ದರು, ಆ ಗಾರೆಯಲ್ಲಿ ಗಿಡದ ಚೂರುಗಳು ಸಿಕ್ಕಿಕೊಂಡಿದ್ದವು. ಗಿಡ ಬದುಕಿರುವಾಗ ಗಾಳಿಯಿಂದ ಇಂಗಾಲವನ್ನು ಎಳೆದುಕೊಳ್ಳುತ್ತದೆ. ಅದರಲ್ಲಿ ಒಂದು ಜಾತಿಯ ಇಂಗಾಲ ಮೆಲ್ಲಮೆಲ್ಲನೆ ತಾನಾಗಿ ಕ್ಷಯಿಸುತ್ತ ಹೋಗುತ್ತದೆ. ಗಿಡ ಸತ್ತ ಮೇಲೆ ಹೊಸದು ಒಳಗೆ ಬರುವುದಿಲ್ಲ, ಹಳೆಯದು ಕ್ಷಯಿಸುವುದು ನಿಲ್ಲುವುದಿಲ್ಲ. ಸುಮಾರು 5,730 ವರ್ಷಕ್ಕೆ ಅರ್ಧದಷ್ಟು ಉಳಿಯುತ್ತದೆ. ಉಳಿದದ್ದನ್ನು ಅಳೆದರೆ ಗಿಡ ಸತ್ತು ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ. 2003ರಲ್ಲಿ ವಿಜ್ಞಾನಿಗಳು ಹೀಗೆ ಅಳೆದಾಗ ಸುರಂಗದ ವಯಸ್ಸು ಕ್ರಿ.ಪೂ. 700ರ ಆಸುಪಾಸಿಗೆ ಬಂತು. ಸನ್ಹೇರೀಬನ ದಂಡು ಬಂದದ್ದು ಕ್ರಿ.ಪೂ. 701ರಲ್ಲಿ.

ಸನ್ಹೇರೀಬ ತಾನೇ ಬರೆಸಿದ ಮಣ್ಣಿನ ಶಾಸನವೂ ಸಿಕ್ಕಿದೆ. ಹಿಜ್ಕೀಯನನ್ನು ಊರೊಳಗೇ ಕೂಡಿಹಾಕಿದೆ, ಅವನಿಂದ ಕಪ್ಪ ಪಡೆದೆ ಎಂದು ಕೊಚ್ಚಿಕೊಳ್ಳುತ್ತಾನೆ. ಯೆರೂಸಲೇಮನ್ನು ಗೆದ್ದೆ ಎಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಜಂಬದ ರಾಜ ಬಾಯಿ ಬಿಡದ ಜಾಗವನ್ನು ಇತಿಹಾಸಕಾರರು ಬಹಳ ಇಷ್ಟಪಟ್ಟು ನೋಡುತ್ತಾರೆ. ದೇವದೂತನೊಬ್ಬ ಬಂದು ದಂಡನ್ನು ಹೊಡೆದ ಎಂದು ಬೈಬಲ್ ಹೇಳುತ್ತದೆ. ಅದು ನಂಬುವವರ ನಂಬಿಕೆಗೆ ಬಿಟ್ಟದ್ದು. ಗಾರೆಯನ್ನು ಅಳೆಯುವ ಯಂತ್ರ ಆ ಮಾತಿಗೆ ಹೌದೂ ಅನ್ನಲಾರದು, ಅಲ್ಲವೂ ಅನ್ನಲಾರದು.

ವೈರಿಯ ಸಾಕ್ಷಿ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಕಿತ್ತೂರಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ರಾಣಿ ಚೆನ್ನಮ್ಮನ ದಂಡಿನೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದನ್ನು ಲಾವಣಿ ಹಾಡುವವರು ಹಾಡಿದರು. ಹಾಡು ಅಂದಮೇಲೆ ಒಂದಿಷ್ಟು ಉಬ್ಬಿಸಿರಬಹುದು ಅನ್ನೋಣ. ಆದರೆ 1824ರ ಅಕ್ಟೋಬರ್ 23ರಂದು ಅವನು ಸತ್ತ ಸಂಗತಿ ಬ್ರಿಟಿಷರ ಕಾಗದಪತ್ರಗಳಲ್ಲೂ ಇದೆ. ಸೋತವರೇ ಬರೆದಿಟ್ಟ ಸೋಲನ್ನು ಅನುಮಾನಿಸುವುದು ಕಷ್ಟ.

ಈಗ ನಮ್ಮ ನವಿಲುತೀರ್ಥಕ್ಕೆ ಬನ್ನಿ. ಇಲ್ಲಿ ಶಾಸನವೂ ಇಲ್ಲ, ಗಾರೆಯೂ ಇಲ್ಲ, ಇರುವುದು ಬಂಡೆ. ಈ ಸೀಮೆಯ ಬಂಡೆಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕೇಳಿದರೆ ನಿಮಗೆ ಹೆಮ್ಮೆಯಾದೀತು: ಸವದತ್ತಿ ಕ್ವಾರ್ಟ್‌ಸೈಟ್. ಅದು ಸೇರಿರುವ ಪದರಕ್ಕೆ ರಾಮದುರ್ಗದ ಹೆಸರು, ಅದರ ಮೇಲಿನದಕ್ಕೆ ಯರಗಟ್ಟಿಯ ಹೆಸರು. ನಿಮ್ಮ ಬಸ್ಸಿನ ಬೋರ್ಡಿನ ಮೇಲಿರುವ ಊರುಗಳೇ ಭೂವಿಜ್ಞಾನದ ಪುಸ್ತಕದಲ್ಲಿಯೂ ಇವೆ.

ಈ ಬಂಡೆ ಒಂದು ಕಾಲಕ್ಕೆ ಮರಳಾಗಿತ್ತು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಆಗ ಭೂಮಿಯ ಮೇಲೆ ನವಿಲಿರಲಿಲ್ಲ, ಮರವಿರಲಿಲ್ಲ, ಹುಲ್ಲುಕಡ್ಡಿಯೂ ಇರಲಿಲ್ಲ. ದಡದ ಮರಳು ಪದರಪದರವಾಗಿ ಹೂತುಹೋಗಿ, ಕಣಕ್ಕೆ ಕಣ ಬೆಸೆದು, ಕಬ್ಬಿಣದ ಸುತ್ತಿಗೆಯೂ ಪುಟಿದೇಳುವಷ್ಟು ಗಟ್ಟಿಯಾಯಿತು.

ಇಷ್ಟು ಗಟ್ಟಿ ಬಂಡೆಯನ್ನು ನೀರು ಸೀಳಿತೇ? ಅದಕ್ಕಿಂತ ದೊಡ್ಡ ಒಗಟು ಇನ್ನೊಂದು: ಗುಡ್ಡ ಅಡ್ಡ ಬಂದರೆ ನದಿ ಬಳಸಿಕೊಂಡು ಹೋಗಬೇಕಿತ್ತು, ನೆಟ್ಟಗೆ ಒಳಗೆ ನುಗ್ಗಿದ್ದೇಕೆ? ಕಥೆ ಕಟ್ಟಿದವರು ಈ ಒಗಟನ್ನು ಸರಿಯಾಗಿಯೇ ಹಿಡಿದಿದ್ದರು. ಇಲ್ಲಿ ಏನೋ ವಿಚಿತ್ರ ನಡೆದಿದೆ ಎಂದು ಅವರ ಕಣ್ಣಿಗೆ ಕಂಡಿತ್ತು. ಅವರನ್ನು ನಾನು ನಮ್ಮ ಸೀಮೆಯ ಮೊದಲ ಭೂವಿಜ್ಞಾನಿಗಳು ಎನ್ನುತ್ತೇನೆ. ನೀವು ನಕ್ಕರೂ ಅಡ್ಡಿಯಿಲ್ಲ.

ಗಟ್ಟಿ ಗುಡ್ಡವನ್ನು ಅಡ್ಡಹಾಯುವ ಇಂಥ ನದಿಗಳಿಗೆ ಭೂವಿಜ್ಞಾನಿಗಳು ಕೊಡುವ ಉತ್ತರ ಹೀಗಿದೆ. ನದಿ ಹರಿಯತೊಡಗಿದಾಗ ಗುಡ್ಡ ಗುಡ್ಡದಂತೆ ಎದ್ದು ನಿಂತಿರಲಿಲ್ಲ. ಸುತ್ತಲಿನ ನೆಲವೂ ಅದರಷ್ಟೇ ಎತ್ತರದಲ್ಲಿತ್ತು, ನದಿ ಅದರ ಮೇಲೆಯೇ ಹರಿಯುತ್ತಿತ್ತು. ಹಳೆಯ ಸೇದುವ ಬಾವಿಯ ಕಟ್ಟೆಗಲ್ಲನ್ನು ನೋಡಿದ್ದೀರಾ? ಹಗ್ಗ ಉಜ್ಜಿ ಉಜ್ಜಿ ಅದರಲ್ಲಿ ಗೀರು ಬಿದ್ದಿರುತ್ತದೆ. ಒಮ್ಮೆ ಗೀರು ಬಿದ್ದರೆ ಹಗ್ಗ ಆಚೀಚೆ ಸರಿಯುವುದಿಲ್ಲ, ಅದರಲ್ಲೇ ಕೂತು ಇನ್ನಷ್ಟು ಆಳ ಮಾಡುತ್ತದೆ. ನದಿಯೂ ತನ್ನ ಗೀರಿನಲ್ಲಿ ಸಿಕ್ಕಿಕೊಂಡಿತು. ನೀರಿನ ಜೊತೆ ಬರುವ ಮರಳು, ಗರಸು ಬಂಡೆಯನ್ನು ಉಜ್ಜುತ್ತ ಹೋದವು. ಇತ್ತ ಸುತ್ತಲಿನ ಮೆತ್ತಗಿನ ಕಲ್ಲು ಮಳೆಗೆ, ಬಿಸಿಲಿಗೆ ಸವೆದು ತಗ್ಗಾಯಿತು. ಗಟ್ಟಿ ಕಲ್ಲು ಸವೆಯದೆ ಗುಡ್ಡವಾಗಿ ಉಳಿಯಿತು. ಗುಡ್ಡ ಬಂದು ನದಿಗೆ ಅಡ್ಡ ನಿಂತದ್ದಲ್ಲ, ನದಿಯ ಎರಡೂ ಬದಿಗೆ ಗುಡ್ಡ ಮೆಲ್ಲನೆ ಬಯಲಿಗೆ ಬಂತು.

ನಂಬಿಕೆ ಬರದಿದ್ದರೆ ಹಿತ್ತಲಲ್ಲಿ ಮಾಡಿ ನೋಡಿ. ಎರೆಮಣ್ಣಿನಲ್ಲಿ ಗೇಣುದ್ದದ ಪುಟ್ಟ ಒಡ್ಡು ಕಟ್ಟಿ, ಅರೆಬರೆ ಒಣಗಲು ಬಿಡಿ. ಅದು ಕಾಣದಂತೆ ಮೇಲೆ ಮರಳು ಸುರಿದು ಸ್ವಲ್ಪ ಇಳಿಜಾರು ಮಾಡಿ. ಈಗ ಚೊಂಬಿನಿಂದ ಸಣ್ಣ ಧಾರೆಯಾಗಿ, ಅವಸರವಿಲ್ಲದೆ, ಒಂದೇ ಜಾಗಕ್ಕೆ ನೀರು ಬಿಡುತ್ತ ಹೋಗಿ. ಮರಳು ಕೊಚ್ಚಿಹೋದಂತೆ ಧಾರೆ ಒಡ್ಡನ್ನು ಬಳಸದೆ ಅದರಲ್ಲೇ ಗೀರು ಕೊರೆಯುತ್ತದೆಯೇ ನೋಡಿ. ಮೊದಲ ಸಲವೇ ಆಗದಿದ್ದರೆ ಧಾರೆ ಇನ್ನೂ ಸಣ್ಣ ಮಾಡಿ.

1970ರ ದಶಕದಲ್ಲಿ ಎಂಜಿನಿಯರರೂ ಇದೇ ಇರುಕಿನ ಲಾಭ ಪಡೆದರು. ಎರಡೂ ಕಡೆ ಗಟ್ಟಿ ಬಂಡೆ, ನಡುವೆ ಕಿರಿದಾದ ದಾರಿ. ಉದ್ದ ಕಡಿಮೆಯ ಗೋಡೆಯೊಂದನ್ನು ಅಡ್ಡ ಕಟ್ಟಿದರೆ ಸಾಕು, ಹಿಂದೆ ದೊಡ್ಡ ಜಲಾಶಯ. ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ನೀವು ನೋಡುವ ರೇಣುಕಾಸಾಗರ ಅದೇ.

ಮುಂದಿನ ಸಲ ಆ ಕಡೆ ಹೋದಾಗ ನೀರಿಗಿಳಿಯಬೇಡಿ, ದೊಡ್ಡವರ ಜೊತೆ ದಾರಿಬದಿಯ ಬಂಡೆಗಳನ್ನು ಹುಡುಕಿ. ಈ ಜಾತಿಯ ಕಲ್ಲಿನ ಮೇಲೆ ಕೆಲವೆಡೆ ಸಾಲುಸಾಲಾಗಿ ಅಲೆಯ ಗೆರೆಗಳಿರುತ್ತವೆ. ಸಿಕ್ಕರೆ ಬೆರಳಿಟ್ಟು ಸವರಿ. ಗೆರೆಯ ಒಂದು ಬದಿ ಸಪಾಟಾಗಿದ್ದು ಇನ್ನೊಂದು ಬದಿ ಕಡಿದಾಗಿದೆಯೇ? ಹಾಗಿದ್ದರೆ ಕಡಿದಾದ ಬದಿ ಯಾವ ಕಡೆಗಿದೆಯೋ ಆ ಹಳೆಯ ನೀರು ಆ ಕಡೆಗೆ ಹರಿಯುತ್ತಿತ್ತು. ಎರಡೂ ಬದಿ ಒಂದೇ ಸಮ ಇದ್ದರೆ ಅಲೆಗಳು ಅಲ್ಲಿ ಹಿಂದೆ ಮುಂದೆ ತೂಗಾಡುತ್ತಿದ್ದವು. ನಿಮ್ಮ ಬಂಡೆ ಏನು ಹೇಳಿತೆಂದು ದಿಕ್ಕಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.